ಒಂಬತ್ತನೆಯ ಪ್ರಶ್ನೆ

ನಗರಸಭೆಯ ಖರೀದಿ ಶಾಖೆಯ ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ ಗುಂಡುಸೂಜಿ ಎನ್ನುತ್ತಿದ್ದರು. ಸಣಕಲು ಮೈ, ನೆಟ್ಟಗಿನ ನಿಲುವು, ತಪ್ಪು ಕಂಡಲ್ಲಿ ಚುಚ್ಚುವ ಮಾತು. ನೂರು ಪೊರಕೆ ತಂದಿಟ್ಟರೆ ನೂರನ್ನೂ ಎಣಿಸಿ, ಸಾಲದ್ದಕ್ಕೆ ಎರಡರ ಕಟ್ಟು ಬಿಚ್ಚಿ ಕಡ್ಡಿಯನ್ನೂ ಎಣಿಸುತ್ತಾಳೆ ಎಂದು ಸರಕು ಪೂರೈಸುವವರು ಗೋಳಾಡುತ್ತಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾರ ಕೈಯಿಂದಲೂ ಒಂದು ಕ್ಯಾಲೆಂಡರನ್ನು ಕೂಡ ಇಸಿದುಕೊಂಡವಳಲ್ಲ.

ಅವಳಿಗೆ ಮಂಡಿನೋವು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಏಳು ವರ್ಷದ ಹಿಂದೆ ಅರ್ಜಿ ಬರೆದುಕೊಟ್ಟು, ಮೊದಲ ಮಹಡಿಯಲ್ಲಿದ್ದ ತನ್ನ ಕೋಣೆಯನ್ನು ಕೆಳಗೆ ಉಗ್ರಾಣದ ಪಕ್ಕಕ್ಕೆ ಬದಲಾಯಿಸಿಕೊಂಡಿದ್ದಳು. ಮೇಲಿನವರ ಸಹಿ ಬೇಕಾದರೆ ಜವಾನ ಫೈಲು ಹೊತ್ತುಕೊಂಡು ಹತ್ತುತ್ತಿದ್ದ, ಹೊತ್ತುಕೊಂಡು ಇಳಿಯುತ್ತಿದ್ದ. ಎರಡು ಸಲ ಎಕ್ಸರೇ ತೆಗೆದ ಡಾಕ್ಟರು ಮಾತ್ರ, "ಇಪ್ಪತ್ತರ ಹುಡುಗಿ ಮಂಡಿ ಇದ್ದಂಗಿದೆಯಲ್ರೀ, ಎಲ್ಲಿ ನೋವು?" ಎಂದು ಕೇಳಿದ್ದರು.

ಮಂಡಿಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಮೆಟ್ಟಿಲಲ್ಲಿ. ಯಾವ ಮೆಟ್ಟಿಲಾದರೂ ಸರಿ, ಮೊದಲನೆಯದರ ಮೇಲೆ ಕಾಲಿಟ್ಟ ಕೂಡಲೇ ಮೇಲಿನಿಂದ ಒಂದು ದನಿ ಕೇಳುತ್ತಿತ್ತು: "ಮೇಲೆ ಬರಲ್ವಾ ಅಕ್ಕಾ?"

ಏಳು ವರ್ಷದ ಹಿಂದೆ ನಗರಸಭೆ ತನ್ನ ಪೌರಕಾರ್ಮಿಕರಿಗೆ ಆರುನೂರು ಮಳೆಯಂಗಿ ಹೊಲಿಸಿತ್ತು. ಹಳದಿ ಬಣ್ಣದ, ಒಳಗೆ ರಬ್ಬರಿನ ಲೇಪವಿದ್ದ ದಪ್ಪ ಬಟ್ಟೆ. ಎಲ್ಲರಿಗಿಂತ ಕಡಿಮೆ ದರ ಹಾಕಿದವನು ಹಳೇ ಗೋದಾಮಿನಲ್ಲಿ ಹೊಲಿಗೆ ಕಾರ್ಖಾನೆ ನಡೆಸುತ್ತಿದ್ದ ಒಬ್ಬ ಮಾಲೀಕ. ಕೆಲಸ ಕೊಡುವ ಮೊದಲು ಜಾಗ ನೋಡಿ, ಹದಿನಾಲ್ಕು ಪ್ರಶ್ನೆಗಳ ಒಂದು ಫಾರಂ ತುಂಬಬೇಕೆಂಬ ನಿಯಮವಿತ್ತು. ಗುಂಡುಸೂಜಿ ತಾನೇ ಹೋದಳು.

ಕೆಳಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಪ್ಯಾಕಿಂಗ್. ಹೊಲಿಗೆ ಯಂತ್ರಗಳೆಲ್ಲ ಮೇಲಂತಸ್ತಿನಲ್ಲಿ. ಕೆಳಗಿನದನ್ನೆಲ್ಲ ಅವಳು ತನ್ನ ರೂಢಿಯಂತೆ ನೋಡಿದಳು. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ತಾರೀಕು ಓದಿದಳು, ನೀರಿನ ಡ್ರಮ್ಮಿನ ಮುಚ್ಚಳ ಎತ್ತಿದಳು, ಪಾಯಿಖಾನೆಯ ಚಿಲಕ ಹಾಕಿ ತೆಗೆದು ಮಾಡಿದಳು. ಆಮೇಲೆ ಮೆಟ್ಟಿಲ ಬುಡಕ್ಕೆ ಬಂದಳು. ಕಬ್ಬಿಣದ ಕಡಿದಾದ ಮೆಟ್ಟಿಲು. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಂತಿರಲಿಲ್ಲ. ಗಂಟೆ ನಾಲ್ಕೂವರೆ. ಐದಕ್ಕೆ ಬೇರೆ ಸಾಹೇಬರನ್ನು ಕರೆತರಬೇಕಿದ್ದ ಆಫೀಸಿನ ಡ್ರೈವರ್ ಹೊರಗಿನಿಂದ ಎರಡು ಸಲ ಹಾರನ್ ಹೊಡೆದಿದ್ದ.

"ಯಾಕೆ ಮೇಡಂ ಸುಮ್ನೆ ಕಷ್ಟ? ಕೆಳಗೆ ಇದ್ದಂಗೇ ಮೇಲೂನು. ಕಾಫಿ ಆರೋಗತ್ತೆ" ಎಂದ ಮಾಲೀಕ.

ಅದೇ ಹೊತ್ತಿಗೆ ಮೆಟ್ಟಿಲ ತುದಿಯಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಇಪ್ಪತ್ತೋ ಇಪ್ಪತ್ತೆರಡೋ ವಯಸ್ಸು. ನೂಲನ್ನು ಹಲ್ಲಿನಲ್ಲಿ ಕಡಿದಿದ್ದಳೇನೋ, ಕೆಳತುಟಿಗೆ ಹಳದಿ ನೂಲಿನ ತುಂಡೊಂದು ಅಂಟಿಕೊಂಡಿತ್ತು. "ಮೇಲೆ ಬರಲ್ವಾ ಅಕ್ಕಾ?" ಎಂದು ಕೇಳಿದಳು.

"ಇನ್ನೊಂದು ದಿನ ಬರ್ತೀನಮ್ಮಾ" ಎಂದು ಗುಂಡುಸೂಜಿ ಕಾಫಿಯ ಕಡೆ ತಿರುಗಿದಳು.

ಫಾರಮನ್ನು ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತುಂಬಿದಳು. ಒಂಬತ್ತನೆಯ ಪ್ರಶ್ನೆ, 'ಮೇಲಂತಸ್ತಿನಿಂದ ಹೊರಬರಲು ಎರಡನೆಯ ದಾರಿ ಇದೆಯೇ?' ಗೋದಾಮಿನ ಹಿಂದುಗಡೆ ಎತ್ತರದಲ್ಲಿ ಒಂದು ಕಬ್ಬಿಣದ ಬಾಗಿಲನ್ನೂ ಅದರಿಂದ ಕೆಳಗಿಳಿಯುವ ಏಣಿಯನ್ನೂ ಅವಳು ಬರುವಾಗ ಹೊರಗಿನಿಂದ ನೋಡಿದ್ದಳು. 'ಇದೆ' ಎಂದು ಗುರುತು ಹಾಕಿದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಮಳೆಯಂಗಿಗಳ ಕೊನೆಯ ಕಂತು ಹೊಲಿಯುತ್ತಿದ್ದಾಗ, ಗೋದಾಮಿಗೆ ಬೆಂಕಿ ಬಿತ್ತು. ಎಂಟು ಜನ ಹೇಗೋ ಮೆಟ್ಟಿಲಿಳಿದು ಬಂದರು. ಅಷ್ಟರಲ್ಲಿ ಮೆಟ್ಟಿಲೇ ಬೆಂಕಿಯ ಬಾಯಿಗೆ ಸಿಕ್ಕಿತು. ಉಳಿದ ನಾಲ್ವರು ಹಿಂದಿನ ಬಾಗಿಲಿಗೆ ಓಡಿದರು. ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅದರ ಮುಂದೆ ಸೂರಿನವರೆಗೂ ಬಟ್ಟೆಯ ಮೂಟೆ ಪೇರಿಸಿದ್ದರು. ಮಾರನೆಯ ದಿನದ ಪತ್ರಿಕೆಯಲ್ಲಿ ನಾಲ್ಕು ಫೋಟೋ ಬಂದವು. ಮೂರನೆಯದು ಆ ಹುಡುಗಿಯದು.

ಮಾಲೀಕನಿಗೆ ಜೈಲಾಯಿತು. ಗುಂಡುಸೂಜಿ ತನ್ನನ್ನೂ ಕರೆಯುತ್ತಾರೆ ಎಂದು ಕಾದಳು. ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ. ಆ ಫಾರಮ್ಮನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆದರೆ ಹಳದಿ ನೂಲಿನ ತುಂಡುಗಳು ಎಲ್ಲೆಂದರಲ್ಲಿ ಸಿಗತೊಡಗಿದವು. ಫೈಲಿನ ಹಾಳೆಗಳ ನಡುವೆ, ಕೈಚೀಲದ ತಳದಲ್ಲಿ, ಬಾಚಣಿಗೆಯಲ್ಲಿ. ಒಮ್ಮೆ ಊಟಕ್ಕೆ ಕೂತಾಗ ತುಟಿಯ ಮೇಲೆ ಏನೋ ಹರಿದಂತಾಗಿ, ಒರೆಸಿ ಒರೆಸಿ ತುಟಿ ಒಡೆದು ರಕ್ತ ಬಂತು. ಅವತ್ತು ಮಾತ್ರ ಅಲ್ಲಿ ಏನೂ ಇರಲಿಲ್ಲ.

ಆ ಹುಡುಗಿ ಮರ್ಯಾದೆಗೆ ಕರೆದಳೋ, ಏನಾದರೂ ತೋರಿಸಬೇಕೆಂದೇ ಕರೆದಳೋ? ಇದೊಂದನ್ನು ಅವಳು ಏಳು ವರ್ಷ ತಿರುವಿ ತಿರುವಿ ನೋಡಿದಳು.

ಒಂದು ಸೋಮವಾರ ಲೆಕ್ಕಾಧಿಕಾರಿ ಅವಳ ಕೋಣೆಗೆ ಇಳಿದುಬಂದರು. ಕೈಯಲ್ಲಿ ಧೂಳು ಹಿಡಿದ ಒಂದು ಫೈಲು.

ಆ ವಾರ ನಗರಸಭೆಯ ಪರಿಶೀಲನಾ ಸಮಿತಿಯ ಮುಂದೆ ಎರಡು ಪ್ರಸ್ತಾವಗಳಿದ್ದವು. ಮೊದಲನೆಯದು, ನಗರಸಭೆ ಏನನ್ನು ಕೊಂಡರೂ ದರವೊಂದನ್ನೇ ನೋಡದೆ, ಅದನ್ನು ತಯಾರಿಸುವವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದಾರೆ ಎಂಬುದನ್ನೂ ಜಾಗಕ್ಕೆ ಹೋಗಿ ನೋಡಿ ಕೊಳ್ಳಬೇಕು ಎಂಬುದು. ಎರಡನೆಯದು, ನಗರಸಭೆಯ ಠೇವಣಿಯಲ್ಲಿ ಒಂದು ಪಾಲು ತೆಗೆದು ಊರಿನ ಸಾಲನಿಧಿ ಮಾಡಿ, ಅಡಮಾನ ಇಲ್ಲವೆಂದು ಬ್ಯಾಂಕಿನವರು ವಾಪಸು ಕಳಿಸುವ ದುಡಿಮೆಗಾರರ ಸಣ್ಣ ಗುಂಪುಗಳಿಗೆ ಸಾಲ ಕೊಡಬೇಕು ಎಂಬುದು. ಎರಡನ್ನೂ ಬರೆದುಕೊಟ್ಟದ್ದು ಹೊಲಿಗೆಯ ಹೆಂಗಸರ ಒಂದು ಸಂಘ. ಅದರಲ್ಲಿದ್ದವರು ಆ ಬೆಂಕಿಯಿಂದ ಉಳಿದು ಬಂದವರು.

"ನಿಮ್ಮ ಹಳೇ ಫಾರಂ ಸಿಕ್ತು ನೋಡಿ ಮೇಡಂ" ಎಂದು ಲೆಕ್ಕಾಧಿಕಾರಿ ಕುರ್ಚಿ ಎಳೆದುಕೊಂಡರು. ಕೆಟ್ಟ ಮನುಷ್ಯರೇನಲ್ಲ. ಠೇವಣಿ ಕರಗಿದರೆ ನಾಳೆ ನಿವೃತ್ತರ ಪಿಂಚಣಿಗೆ ಏನು ಗತಿ ಎಂದು ನಿಜವಾಗಿಯೂ ನಿದ್ದೆಗೆಡುವವರು. "ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ ಅಂತ ಬರೆದಿದೀರಿ. ನಿಮ್ಮಂಥೋರು ಹೋಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬಂದ ಮೇಲೂ ಆ ಅನಾಹುತ ಆಯ್ತು. ಅಂದ್ರೆ ತಪಾಸಣೆಯಿಂದ ಉಪಯೋಗ ಇಲ್ಲ ಅಂತ ತಾನೇ? ಹೆಚ್ಚು ದರ ಕೊಟ್ಟು, ಊರೂರು ಸುತ್ತಿ ನೋಡಿ ಏನು ಬಂತು? ಗುರುವಾರ ಹನ್ನೊಂದಕ್ಕೆ ಸಮಿತಿ ಕೂರತ್ತೆ. ನೀವು ಬಂದು, 'ಹೌದು, ಎಲ್ಲ ನೋಡಿದ್ದೆ' ಅಂತ ಒಂದು ಮಾತು ಹೇಳಿದ್ರೆ ಸಾಕು."

"ಸಭೆ ಮೇಲೆ ಅಲ್ವಾ?" ಎಂದಳು ಗುಂಡುಸೂಜಿ. ಅವಳಿಗೆ ಹೊಳೆದದ್ದು ಅದೊಂದೇ.

"ಮಂಡಿ ಅಲ್ವಾ ನಿಮ್ದು! ಕುರ್ಚಿಯಲ್ಲಿ ಕೂರಿಸಿ ಹೊತ್ಕೊಂಡು ಹೋಗ್ತೀವಿ ಬಿಡಿ" ಎಂದು ಅವರು ನಕ್ಕು, ಫೈಲನ್ನು ಅಲ್ಲೇ ಬಿಟ್ಟು ಹೋದರು.

ಅವಳು ಫಾರಂ ತೆಗೆದು ನೋಡಿದಳು. ಒಂಬತ್ತನೆಯ ಪ್ರಶ್ನೆಯ ಮುಂದಿನ ಗುರುತು ಉಳಿದವಕ್ಕಿಂತ ಸ್ವಲ್ಪ ವಾರೆಯಾಗಿತ್ತು. ಗಾಡಿ ಅಲ್ಲಿ ಹೊಂಡಕ್ಕಿಳಿದಿತ್ತು, ಅದೂ ನೆನಪಿತ್ತು.

ಮನೆಯಲ್ಲಿದ್ದವರು ಮೂವರೇ. ಗಂಡ ಗಡಿಯಾರ ರಿಪೇರಿಯವನು, ಮುಂದಿನ ಕೋಣೆಯ ಕಿಟಕಿಯೇ ಅವನ ಅಂಗಡಿ. ಅತ್ತೆಗೆ ಎಂಬತ್ತು ದಾಟಿದ್ದರೂ ನಾಲಿಗೆಗೆ ಮೂವತ್ತೇ. ಆ ಸಂಜೆ ಗುಂಡುಸೂಜಿ ಹಿತ್ತಲಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

"ಏಳು ವರ್ಷ ಆಯ್ತು, ನೀನು ತಾರಸಿ ಹತ್ತಿ ಬಟ್ಟೆ ಹಾಕಿ. ಇಲ್ಲಿ ಬಿಸಿಲೇ ಬೀಳಲ್ಲ. ನನ್ನ ಬಟ್ಟೆಯೆಲ್ಲ ಮುಗ್ಗು ವಾಸನೆ."

"ಮಂಡಿ ಅತ್ತೆ…"

"ಮಂಡಿಯಂತೆ ಮಂಡಿ! ಮೊನ್ನೆ ಬಸ್ಸಿನ ಹಿಂದೆ ಓಡಿದ್ದು ಯಾರ ಮಂಡಿ?"

ಗುಂಡುಸೂಜಿ ತಂತಿಯಿಂದ ಇನ್ನೊಂದು ಸೀರೆ ಎಳೆದುಕೊಂಡಳು. ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು. "ಆಗಾಗ ಈ ಮೆಟ್ಟಿಲ ಹತ್ರ ನಿಂತ್ಕೊಂಡು 'ಇನ್ನೊಂದು ದಿನ ಬರ್ತೀನಿ, ಇನ್ನೊಂದು ದಿನ ಬರ್ತೀನಿ' ಅಂತೀಯಲ್ಲ. ಯಾರಿಗೆ ಹೇಳ್ತೀಯಾ ಅದನ್ನ?"

ಅದನ್ನು ತಾನು ಬಾಯಿಬಿಟ್ಟು ಹೇಳುತ್ತಿದ್ದೆನೆಂದು ಅವಳಿಗೇ ತಿಳಿದಿರಲಿಲ್ಲ. ಒಣಗಿದ ಬಟ್ಟೆಯನ್ನು ಎದೆಗೆ ಅವುಚಿಕೊಂಡೇ ಒಳಗೆ ಬಂದು, ಗಂಡನ ಎದುರಿನ ಸ್ಟೂಲಿನ ಮೇಲೆ ಕೂತು, ಮೊದಲ ಸಲ ಎಲ್ಲವನ್ನೂ ಹೇಳಿದಳು. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯಲೂ ಮರೆತು ಕೇಳಿದ.

"ಇನ್ನೆರಡು ವರ್ಷ" ಎಂದ ಕೊನೆಗೆ. "ಎರಡೇ ವರ್ಷಕ್ಕೆ ನೀನು ರಿಟೈರು. ಕೇಳಿದ್ದಕ್ಕೆ ಹೌದು ಅಂದು ಬಾ. ಸತ್ತೋರು ವಾಪಸ್ ಬರ್ತಾರಾ?"

"ಹೋಗಿದ್ರೆ ತಾನೇ ರೀ, ವಾಪಸ್ ಬರೋಕೆ" ಎಂದಳು ಅವಳು.

ಗಂಡ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಅತ್ತೆ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಒಂದೊಂದಾಗಿ ಮಡಿಸತೊಡಗಿದರು.

ಬುಧವಾರ ಮಧ್ಯಾಹ್ನ ಜವಾನ ಊಟಕ್ಕೆ ಹೋದಾಗ ಅವಳು ಉಗ್ರಾಣದ ಬೀಗ ತೆಗೆದಳು. ಬೆಂಕಿಗೆ ಮೊದಲು ಬಂದ ಕಂತುಗಳಲ್ಲಿ ಹಂಚಿ ಉಳಿದ ಮಳೆಯಂಗಿಗಳು ಒಳಗಿನ ಗೋಡೆಯ ಗೂಟಗಳಿಗೆ ಈಗಲೂ ನೇತುಬಿದ್ದಿದ್ದವು. ಪ್ರತಿ ವರ್ಷ ದಾಸ್ತಾನು ಎಣಿಸುವಾಗ ಅವನ್ನು ಅವಳೇ ಎಣಿಸುತ್ತಿದ್ದಳು. ಹತ್ತೊಂಬತ್ತು. ಒಮ್ಮೆಯೂ ಹೆಚ್ಚುಕಡಿಮೆಯಾಗಿರಲಿಲ್ಲ. ರಬ್ಬರು ಅಂಟಂಟಾಗಿ, ಬಾಗಿಲು ತೆಗೆದರೆ ಮುಖಕ್ಕೆ ರಾಚುವ ವಾಸನೆ. ಕಾಲರಿನ ಒಳಗೆ ಹೊಲಿದವರು ತಮ್ಮ ತಮ್ಮ ಗುರುತು ಹಾಕಿದ್ದರು. ಒಬ್ಬಳದು ಅಡ್ಡಗೆರೆ, ಒಬ್ಬಳದು ಮೂರು ಚುಕ್ಕಿ. ಅವರ ಕೂಲಿ ಅಂಗಿಯ ಲೆಕ್ಕಕ್ಕೆ ಇದ್ದುದರಿಂದ ಆ ಗುರುತು ಬೇಕಿತ್ತು. ಇದರಲ್ಲಿ ಆ ಹುಡುಗಿಯ ಗುರುತು ಯಾವುದೋ?

ಸುಮ್ಮನೆ ಎಣಿಸಿದಳು. ಇಪ್ಪತ್ತು ಬಂತು.

ಕೈ ಎದೆಯ ಮೇಲಿಟ್ಟುಕೊಂಡು, ಒಂದೊಂದು ತೋಳನ್ನೂ ಮುಟ್ಟಿ ಮುಟ್ಟಿ ಮತ್ತೆ ಎಣಿಸಿದಳು. ಇಪ್ಪತ್ತು. ಸಾಲಿನ ಆ ತುದಿಯ ಅಂಗಿ ಉಳಿದವುಗಳ ಹಾಗೆ ಚಪ್ಪಟೆಯಾಗಿ ಜೋತುಬಿದ್ದಿರಲಿಲ್ಲ. ಒಳಗೆ ಯಾರೋ ಭುಜ ಕೊಟ್ಟು ನಿಂತ ಹಾಗೆ ತುಂಬಿಕೊಂಡಿತ್ತು. ಟೋಪಿ ಮುಂದಕ್ಕೆ ಬಾಗಿತ್ತು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಅದರ ಕಾಲಬಳಿ ಬಿದ್ದಿತ್ತು. ಅವಳು ಓಡಲಿಲ್ಲ. ಕಾಲು ಬರಲಿಲ್ಲ ಎಂದರೂ ಸರಿ. "ನಾಳೆ" ಎಂದಳು. "ನಾಳೆ ಬರ್ತೀನಿ."

ಹೊರಗೆ ಜವಾನನ ಸೈಕಲ್ಲಿನ ಸದ್ದಾಯಿತು. ಮೂರನೆಯ ಸಲ ಎಣಿಸಿದಾಗ ಹತ್ತೊಂಬತ್ತೇ ಇದ್ದವು.

ಗುರುವಾರ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವಳು ನಗರಸಭೆಯ ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಇಪ್ಪತ್ತೆರಡು ಮೆಟ್ಟಿಲು. ಜವಾನ, "ಕೈ ಹಿಡ್ಕೊಳ್ಳಾ ಮೇಡಂ?" ಎಂದ. ಬೇಡವೆಂದು ತಲೆಯಾಡಿಸಿ ಕಾಲಿಟ್ಟಳು. ದನಿಗೆ ಕಾದಳು. ಬರಲಿಲ್ಲ. ಅದಕ್ಕಿಂತ ಭಯವಾದದ್ದು, ತನ್ನ ಒಂದೊಂದು ಹೆಜ್ಜೆಗೂ ಎರಡು ಮೆಟ್ಟಿಲು ಮುಂದೆ ಇನ್ನೊಂದು ಬರಿಗಾಲಿನ ಹೆಜ್ಜೆ ಕೇಳಿಸಿದ್ದು. ಅವಳು ನಿಂತರೆ ಅದೂ ನಿಂತಿತು, ಹತ್ತಿದರೆ ಹತ್ತಿತು. ಸಭಾಂಗಣದ ಬಾಗಿಲವರೆಗೂ ಹಾಗೆಯೇ ಕರೆದುಕೊಂಡು ಹೋಯಿತು.

ಉದ್ದನೆಯ ಮೇಜಿನ ಸುತ್ತ ಸಮಿತಿಯ ಐವರು ಸದಸ್ಯರು. ಅಧ್ಯಕ್ಷೆ ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಚುನಾವಣೆಯಲ್ಲಿ ಗೆದ್ದು ಎಂಟು ವರ್ಷವಾದರೂ ಎಲ್ಲರಿಗೂ ಇನ್ನೂ ನರ್ಸಮ್ಮನೇ. ಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿಯ ಸದಸ್ಯ, ಮೊಳೆ ಮಾರಿ ಮಾರಿ ಮಾತೂ ಹಾಗೇ ಆದವನು. ಎದುರಿಗೆ ಹೊಲಿಗೆ ಸಂಘದ ಮುಖ್ಯಸ್ಥೆ. ಬಟ್ಟೆ ಕತ್ತರಿಸುವ ಕೆಲಸದವಳಾದ್ದರಿಂದ ಅವಳನ್ನು ಕತ್ತರಿ ಅಕ್ಕ ಎನ್ನುತ್ತಿದ್ದರು. ಬೆಂಕಿಯಲ್ಲಿ ಹೋದ ಆ ಹುಡುಗಿ ಇವಳ ಒಡಹುಟ್ಟಿದ ತಂಗಿ.

ಹಾರ್ಡ್‌ವೇರ್ ಸದಸ್ಯ ಅವಳನ್ನು ಪ್ರಶ್ನಿಸುತ್ತಿದ್ದ. "ಅಲ್ಲಮ್ಮಾ, ನಗರಸಭೆ ಏನು ಬಡ್ಡಿ ಅಂಗಡೀನಾ? ಇವತ್ತು ನಿಮಗೆ ಹೊಲಿಗೆ ಯಂತ್ರಕ್ಕೆ ಕೊಟ್ರೆ ನಾಳೆ ಇನ್ನೊಬ್ಬ ಬಂದು ಎಮ್ಮೆಗೆ ಕೇಳ್ತಾನೆ."

"ಕೊಡಿ. ಎಮ್ಮೆ ಹಾಲು ಕೊಡತ್ತೆ, ಸಾಲ ತೀರತ್ತೆ" ಎಂದಳು ಕತ್ತರಿ ಅಕ್ಕ. ಯಾರೋ ನಕ್ಕರು. "ನಾವು ಒಂಬತ್ತು ಜನ. ಒಬ್ಬಳು ಕಂತು ಕಟ್ಟದಿದ್ರೆ ಎಂಟು ಜನ ಸೇರಿ ಕಟ್ತೀವಿ, ಹಂಗಂತ ಬರ್ಕೊಟ್ಟಿದೀವಿ. ಬ್ಯಾಂಕಲ್ಲಿ ಮನೆ ಪತ್ರ ತಾ ಅಂತಾರೆ. ಬಾಡಿಗೆ ಮನೇಲಿರೋರು ಯಾರ ಮನೆ ಪತ್ರ ತರೋಣ? ನಿಮ್ಮದು ಕೊಡ್ತೀರಾ?"

ನರ್ಸಮ್ಮ ಪೆನ್ನಿನಿಂದ ಮೇಜು ತಟ್ಟಿ ಲೆಕ್ಕಾಧಿಕಾರಿಯ ಕಡೆ ನೋಡಿದರು. ಅವರು ಎದ್ದು ಠೇವಣಿಯ ಸ್ಥಿತಿ ವಿವರಿಸಿದರು. ಆಮೇಲೆ ಹಳೆಯ ಫೈಲು ಬಿಚ್ಚಿ, ಪ್ರಶ್ನೆಗೊಂದು ಉತ್ತರದಂತೆ ಹದಿನಾಲ್ಕನ್ನೂ ಓದಿದರು. "ಈ ಫಾರಂ ತುಂಬಿದವರು ಇಲ್ಲೇ ಇದಾರೆ. ಇವರಿಗಿಂತ ಕಟ್ಟುನಿಟ್ಟಿನೋರು ಈ ಕಟ್ಟಡದಲ್ಲಿ ಇಲ್ಲ. ಇವರೇ ನೋಡಿ ಬಂದ ಜಾಗದಲ್ಲೇ ದುರಂತ ಆಯ್ತು. ಹಾಗಿರುವಾಗ ಇನ್ನಷ್ಟು ತಪಾಸಣೆ ಯಾವ ಪುರುಷಾರ್ಥಕ್ಕೆ?"

"ಮೇಡಂ, ನೀವು ಹೇಳಿ. ಎಲ್ಲ ನೋಡಿದ್ರಾ?" ಎಂದು ನರ್ಸಮ್ಮ ಕೇಳಿದರು.

ಗುಂಡುಸೂಜಿ ಎದ್ದು ನಿಂತಳು. ಕತ್ತರಿ ಅಕ್ಕ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಉತ್ತರ ಗೊತ್ತಿರುವವರು ಕಾಯುವ ಹಾಗೆ ಕಾಯುತ್ತಿದ್ದಳು. ಆಗ ಗುಂಡುಸೂಜಿಗೆ ನೆನಪಾಯಿತು. ಆ ದಿನ ಕೆಳಗಿನ ಉದ್ದನೆಯ ಮೇಜಿನ ಹಿಂದೆ ದೊಡ್ಡ ಕತ್ತರಿ ಹಿಡಿದು ಒಬ್ಬಳು ನಿಂತಿದ್ದಳು. ಇವಳೇ. ಇವಳು ಎಲ್ಲ ನೋಡಿದ್ದಳು.

"ಇಲ್ಲ" ಎಂದಳು ಗುಂಡುಸೂಜಿ.

"ಏನು ಇಲ್ಲ?"

"ಎಲ್ಲ ನೋಡಿಲ್ಲ. ನಾನು ಮೇಲೆ ಹೋಗಲಿಲ್ಲ." ಲೆಕ್ಕಾಧಿಕಾರಿಯ ಕೈಲಿದ್ದ ಫಾರಮನ್ನು ತೋರಿಸಿದಳು. "ಹೊತ್ತಾಗಿತ್ತು. ಗಾಡಿಯವನು ಹಾರನ್ ಹೊಡೀತಿದ್ದ. ಕಾಫಿ ಕುಡಿದೆ, ಬಂದೆ. ಒಂಬತ್ತನೇ ಪ್ರಶ್ನೆಗೆ ಹೊರಗಿಂದ ಕಂಡ ಬಾಗಿಲು ನೋಡಿ ಗುರುತು ಹಾಕಿದೆ. ಮೇಲೆ ಬನ್ನಿ ಅಂತ ಒಬ್ಬ ಹುಡುಗಿ ಕರೆದಳು. ಇನ್ನೊಂದು ದಿನ ಬರ್ತೀನಿ ಅಂದೆ."

ಲೆಕ್ಕಾಧಿಕಾರಿಯ ಬಾಯಿ ಅರ್ಧ ತೆರೆದೇ ಇತ್ತು. "ಮೇಡಂ, ನೀವು… ಕೂತ್ಕೊಳ್ಳಿ, ನೀರು ಕುಡೀರಿ."

"ನೀರು ಬೇಡ ಸಾರ್. ತಪಾಸಣೆಯಿಂದ ಏನೂ ಆಗಲ್ಲ ಅಂದ್ರಲ್ಲ. ಅಲ್ಲಿ ತಪಾಸಣೆ ಆಗಲೇ ಇಲ್ಲ. ಹದಿನೈದು ಮೆಟ್ಟಿಲು ಹತ್ತಿದ್ರೆ ಆ ಬಾಗಿಲ ಮುಂದೆ ಏನಿದೆ ಅಂತ ಕಾಣ್ತಿತ್ತು. ಅದನ್ನ ಬರ್ಕೊಳ್ಳಿ."

ಬರೆದುಕೊಳ್ಳುವ ಗುಮಾಸ್ತ ಅಧ್ಯಕ್ಷೆಯ ಮುಖ ನೋಡಿದ. ನರ್ಸಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು, "ಬರ್ಕೊ" ಎಂದರು. ಹಾರ್ಡ್‌ವೇರ್ ಸದಸ್ಯ ಕನ್ನಡಕ ತೆಗೆದು ಒರೆಸುತ್ತಲೇ ಇದ್ದ. ಕತ್ತರಿ ಅಕ್ಕ ತಲೆ ತಗ್ಗಿಸಿ ತನ್ನ ಕಾಗದಗಳನ್ನು ಜೋಡಿಸಿದಳು, ಕೆದರಿದಳು, ಮತ್ತೆ ಜೋಡಿಸಿದಳು.

ಸಭೆ ಮುಗಿದ ಮೇಲೆ ಗುಂಡುಸೂಜಿ ಕೆಳಗಿನ ಅಂಗಳದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಯಾರೂ ಹತ್ತಿರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತರಿ ಅಕ್ಕ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

"ನಿಮ್ಮನ್ನ ಕ್ಷಮಿಸಿದೆ ಅಂತ ಹೇಳೋಕೆ ಬಂದಿಲ್ಲ" ಎಂದಳು.

"ಗೊತ್ತು."

"ನೀವು ಹತ್ತಲಿಲ್ಲ ಅಂತ ನನಗೆ ಅವತ್ತೇ ಗೊತ್ತು. ಏಳು ವರ್ಷ ಯಾರಿಗೂ ಹೇಳಲಿಲ್ಲ. ಯಾಕೆ ಅಂತ ಕೇಳಿ."

ಗುಂಡುಸೂಜಿ ಕೇಳುವವರೆಗೂ ಕಾಯದೆ ತಾನೇ ಹೇಳಿದಳು.

"ಆ ಮೂಟೆಗಳನ್ನ ಅಲ್ಲಿ ಪೇರಿಸಿದ್ದು ನಾನು. ಕೆಳಗೆ ಜಾಗ ಇಲ್ಲ, ಮೇಲೆ ಹಾಕು ಅಂದ ಮಾಲೀಕ. ಹಾಕಿದೆ. ನಾನೂ ಇನ್ನಿಬ್ಬರೂ ಸೇರಿ ಒಂದು ಬೆಳಗ್ಗೆಯೆಲ್ಲ ಹೊತ್ತು ಹಾಕಿದ್ವಿ. ನೀವು ಬರ್ತೀರಿ ಅಂತ ಗೊತ್ತಾದಾಗ ತಂಗಿ ಹೇಳಿದ್ಲು, 'ಅಕ್ಕಾ, ಅವರನ್ನ ಮೇಲೆ ಕರ್ಕೊಂಡು ಹೋಗಿ ಬಾಗಿಲು ತೋರಿಸ್ತೀನಿ, ಆಮೇಲೆ ತೆಗೆಸ್ಲೇಬೇಕಾಗತ್ತೆ' ಅಂತ. ನಾನು ಬೈದೆ. 'ಸುಮ್ನಿರು, ಕೆಲಸ ಹೋಗತ್ತೆ' ಅಂದೆ. ಆದ್ರೂ ಬಂದು ಕರೆದ್ಲು ನೋಡಿ. ನೀವು ಹೋದ್ಮೇಲೆ ನನಗೆ ಏನನ್ನಿಸ್ತು ಗೊತ್ತಾ? ಸದ್ಯ ಅನ್ನಿಸ್ತು."

ಗುಂಡುಸೂಜಿ ಏಳು ವರ್ಷ ತಿರುವಿ ನೋಡಿದ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿ ಬಂದು ಬೆಂಚಿನ ಮೇಲೆ ಕೂತಿತ್ತು. ಹಗುರಾಗಲಿಲ್ಲ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮ ಹತ್ರಾನೂ ಬರ್ತಾಳಾ?" ಎಂದು ಕೇಳಿದಳು ಕೊನೆಗೆ.

"ಇಲ್ಲ" ಎಂದಳು ಕತ್ತರಿ ಅಕ್ಕ. ಅವಳ ಕಣ್ಣು ತುಂಬಿತು. "ನನ್ನ ಹತ್ರ ಒಂದ್ ಸಲಾನೂ ಬಂದಿಲ್ಲ. ಕನಸಲ್ಲೂ ಇಲ್ಲ. ಸಿಟ್ಟಿರಬೇಕು. ನಿಮ್ಮ ಹತ್ರ ಬರ್ತಾಳಾ? ಹೆಂಗಿರ್ತಾಳೆ? ಸುಟ್ಟ ಗಾಯ ಕಾಣತ್ತಾ?"

"ಇಲ್ಲಮ್ಮಾ. ದನಿ ಕೇಳಿದಾಗೆಲ್ಲ ಅವತ್ತು ಹೆಂಗಿದ್ಲೋ ಹಂಗೇ ಕಣ್ಣಿಗೆ ಬರ್ತಾಳೆ. ತುಟಿ ಮೇಲೆ ನೂಲು."

ಕತ್ತರಿ ಅಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. "ಎಷ್ಟು ಸಲ ಹೇಳಿದ್ದೆ, ಹಲ್ಲಲ್ಲಿ ಕಡೀಬೇಡ, ಕತ್ತರಿ ಇದೆಯಲ್ಲ ಅಂತ" ಎಂದು ಅಳತೊಡಗಿದಳು. ಗುಂಡುಸೂಜಿ ಅವಳನ್ನು ಮುಟ್ಟಲಿಲ್ಲ. ಎದ್ದೂ ಹೋಗಲಿಲ್ಲ.

ಸಮಿತಿ ಎರಡು ವಾರದ ಮೇಲೆ ತನ್ನ ವರದಿ ಕೊಟ್ಟಿತು. ಖರೀದಿಯ ಪ್ರಸ್ತಾವಕ್ಕೆ ಐವರೂ ಒಪ್ಪಿದರು. ಮುಂದೆ ಜಾಗ ನೋಡಲು ಇಬ್ಬರು ಹೋಗಬೇಕು, ಮುಂಚೆ ತಿಳಿಸದೆ ಹೋಗಬೇಕು, ಅಲ್ಲಿ ದುಡಿಯುವ ಒಬ್ಬರ ಸಹಿಯೂ ಫಾರಮ್ಮಿನಲ್ಲಿರಬೇಕು ಎಂದು ಸೇರಿಸಿದರು. ಈ ಕೊನೆಯದನ್ನು ಸೂಚಿಸಿದವನು ಹಾರ್ಡ್‌ವೇರ್ ಸದಸ್ಯ ಎಂದರೆ ಯಾರೂ ಮೊದಲು ನಂಬಲಿಲ್ಲ. ಸಾಲನಿಧಿಯ ಮಾತಿಗೆ ಮಾತ್ರ ಅವನು ಜಗ್ಗಲಿಲ್ಲ, ಲೆಕ್ಕಾಧಿಕಾರಿಯೂ ಜಗ್ಗಲಿಲ್ಲ. ಕೇಳಿದ್ದರಲ್ಲಿ ಮೂರನೇ ಒಂದು ಭಾಗವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟು ನೋಡೋಣ ಎಂಬಲ್ಲಿಗೆ ನಿಂತಿತು. ಹೊಲಿಗೆ ಸಂಘಕ್ಕೆ ನಾಲ್ಕು ಯಂತ್ರ ಬಂದವು. ಒಂಬತ್ತು ಜನ ಸರದಿಯಲ್ಲಿ ಕೂತು ಹೊಲಿದರು.

ಗುಂಡುಸೂಜಿಯನ್ನು ಅಮಾನತು ಮಾಡಿ ವಿಚಾರಣೆ ನಡೆಸಿದರು. ಕೆಲಸ ಹೋಯಿತು, ಪಿಂಚಣಿ ಅರ್ಧಕ್ಕಿಳಿಯಿತು. ಗಂಡ ಹದಿನೆಂಟು ದಿನ ಅವಳ ಜೊತೆ ಮಾತು ಬಿಟ್ಟ. ಹತ್ತೊಂಬತ್ತನೆಯ ದಿನ ಕಾಫಿ ಲೋಟ ತಂದು ಪಕ್ಕದಲ್ಲಿಟ್ಟು, "ಸಕ್ಕರೆ ಸಾಕಾ ನೋಡು" ಎಂದ. ಅವಳು ನೋಡಿದಳು. ಸಾಕಾಗಿರಲಿಲ್ಲ. ಸಾಕು ಎಂದಳು.

ಉಳಿದ ಮೂರು ಮನೆಗಳಿಗೆ ಹೋಗಿ ಹೇಳಬೇಕೆಂದು ಹೊರಟವಳು ಕತ್ತರಿ ಅಕ್ಕ. "ಸಭೆಯಲ್ಲಿ ಹೇಳಿದ್ದು ಸಭೆಗಾಯ್ತು. ಅವರು ಪೇಪರಲ್ಲಿ ಓದಿ ತಿಳ್ಕೊಬೇಕಾ? ನಾನೂ ಹೇಳೋದಿದೆ. ಬರ್ತೀರಾ?" ಎಂದು ಮನೆಯ ಬಾಗಿಲಿಗೇ ಬಂದಳು. ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿದರು.

ಮೊದಲ ಮನೆಯಲ್ಲಿ ತೀರಿಕೊಂಡವಳ ಗಂಡನಿದ್ದ. ಮತ್ತೆ ಮದುವೆಯಾಗಿದ್ದ, ಒಳಗೆ ಮಗು ಅಳುತ್ತಿತ್ತು. ನಿಂತೇ ಎಲ್ಲ ಕೇಳಿ, "ಈಗ ಯಾಕೆ ಹೇಳ್ತೀರಿ?" ಎಂದು ಒಳಗೆ ಹೋದವನು ತಿರುಗಿ ಬರಲಿಲ್ಲ. ಹತ್ತು ನಿಮಿಷ ಕಾದು ಇವರು ಹೊರಟರು. ಎರಡನೆಯ ಮನೆಯಲ್ಲಿ ಅಣ್ಣ ಕೂಗಾಡಿದ. ಅಕ್ಕಪಕ್ಕದವರು ಬಂದು ಸೇರಿದರು. ಕೋರ್ಟಿಗೆ ಎಳೆಯುತ್ತೇನೆ, ಹೆಸರು ವಿಳಾಸ ಕೊಡಿ ಎಂದ. ಗುಂಡುಸೂಜಿ ಅವನ ಕೈಯಿಂದಲೇ ಪೆನ್ನು ಇಸಿದುಕೊಂಡು, ಮನೆ ನಂಬರಿನಿಂದ ಹಿಡಿದು ಪೂರ್ತಿ ವಿಳಾಸ ಬರೆದುಕೊಟ್ಟಳು. ಕತ್ತರಿ ಅಕ್ಕ ಅದರ ಕೆಳಗೆ ತನ್ನದನ್ನೂ ಬರೆದಳು.

ಮೂರನೆಯದು ರೈಲುಹಳಿಯ ಪಕ್ಕದ ಒಂದೇ ಕೋಣೆಯ ಮನೆ. ತೀರಿಕೊಂಡವಳ ತಾಯಿ ಕಿಟಕಿಯ ಬಳಿ ಕೂತು ಅಂಗಡಿಯವರ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಕಿವಿ ಮಂದ. ಕತ್ತರಿ ಅಕ್ಕ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಮೂಟೆಯ ವಿಷಯ ಹೇಳಿಬಿಟ್ಟಳು. ಮುದುಕಿ ಏನೂ ತಿಳಿಯದೆ ಇಬ್ಬರನ್ನೂ ನೋಡಿ, ಅಂಗಿಗಳನ್ನು ಪಕ್ಕಕ್ಕೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದರು.

"ಕೂತ್ಕೊಳ್ರಮ್ಮಾ. ಈ ಕಡೆ ಕಿವಿಗೆ ಹೇಳಿ, ನಿಧಾನಕ್ಕೆ" ಎಂದರು. "ನನ್ನ ಮಗಳಿಗೆ ಏನಾಯ್ತು ಅಂತ ಇಷ್ಟು ವರ್ಷದಲ್ಲಿ ಯಾರೂ ನನಗೆ ಕೂತ್ಕೊಂಡು ಹೇಳಿಲ್ಲ. ಎಲ್ಲಾರೂ ನಿಂತ್ಕೊಂಡೇ ಹೇಳಿ ಹೋದ್ರು."

ಇಬ್ಬರೂ ಕೂತರು. ಹೊರಗೆ ರೈಲೊಂದು ಹಾದುಹೋಗುವವರೆಗೂ ಕಾದು, ಗುಂಡುಸೂಜಿ ಮುದುಕಿಯ ಬಲಗಿವಿಯ ಹತ್ತಿರಕ್ಕೆ ಬಾಗಿ ಮೊದಲಿನಿಂದ ಹೇಳತೊಡಗಿದಳು.